ರಿಗೊ ಹೊಡೆದ ಮೊಳೆಗಳು

ಮೊದಲ ಮೊಳೆ ಕಿತ್ತುಬಂದು, ರಿಗೊನ ನೆತ್ತಿಗೆ ಬಡಿದು, ಲಾಂದ್ರಕ್ಕೆ ತಗುಲಿ ಟಿಣ್ ಎಂದಾಗ ಮಧ್ಯಾಹ್ನ ಹನ್ನೆರಡೂ ಆಗಿರಲಿಲ್ಲ. ಹವಾನಾದ ರೇಡಿಯೊ ಬೆಳಗಿನಿಂದ ಹೇಳುತ್ತಿದ್ದ ಚಂಡಮಾರುತ ಖಾಲಿ ಬಿದ್ದ ತಂಬಾಕಿನ ಹೊಲಗಳ ಮೇಲೆ ಹುಚ್ಚು ಹಿಡಿದಂತೆ ಓಡಾಡುತ್ತಿತ್ತು. ಗುಡಿಸಲೊಳಗೆ ಅವನು, ಅವನ ಅತ್ತೆ ಎಲ್ಪೀದಿಯಾ, ಒಂದು ಹಂದಿ, ಅತ್ತೆಯ ಮಡಿಲಲ್ಲಿ ಎರಡು ಕೋಳಿ. ಅವನು ಸದ್ದಿಲ್ಲದೆ ಮೊಳೆಯನ್ನು ತೊಡೆಯ ಕೆಳಗೆ ಸರಿಸಿದ.

"ಏನದು ಬಿದ್ದಿದ್ದು?" ಅತ್ತೆ ಕೇಳಿದಳು.

"ಏನಿಲ್ಲ ಅತ್ತೆ, ಜಿರಳೆ."

"ನಿಮ್ಮೂರ ಜಿರಳೆಗಳು ಟಿಣ್ ಅಂತಾವಾ?"

ಗಾಳಿ ಬಂದರೆ ಆ ಕಣಿವೆಯ ಜನ ಮನೆಯನ್ನು ನಂಬುವುದಿಲ್ಲ, ಹಿತ್ತಿಲ ನೆಲಗುಡಿಸಲಿಗೆ ಹೋಗಿ ಸೇರುತ್ತಾರೆ. ಅದಕ್ಕೆ ಗೋಡೆಯೇ ಇಲ್ಲ. ತಾಳೆಗರಿಯ ಮಾಡು ಎರಡೂ ಕಡೆ ಇಳಿದು ನೆಲಕ್ಕೆ ಕೂತಿರುತ್ತದೆ. ಎಲ್ಪೀದಿಯಾಳ ಗಂಡ ಬದುಕಿದ್ದಾಗ ಕಟ್ಟಿದ್ದ ಗುಡಿಸಲು ಹೋದ ವರ್ಷ ಗೆದ್ದಲು ಹಿಡಿದು ಕುಸಿದಿತ್ತು. ಹೊಸದನ್ನು ನಾನೇ ಕಟ್ಟುತ್ತೇನೆಂದು ಹೊರಟವನು ರಿಗೊ. ಪಟ್ಟಣದಲ್ಲಿ ಕ್ಷೌರದಂಗಡಿ ನಡೆಸುವವನು. ಕತ್ತರಿ, ಬಾಚಣಿಗೆ ಬಿಟ್ಟರೆ ಬೇರೇನೂ ಹಿಡಿದ ಕೈಯಲ್ಲ. ಆದರೂ ಐದು ಭಾನುವಾರ ಬೆವರು ಸುರಿಸಿ, ಎರಡೂ ಹೆಬ್ಬೆರಳು ಜಜ್ಜಿಕೊಂಡು, ಕಟ್ಟಿಯೇ ಬಿಟ್ಟ. ಅತ್ತೆ ಒಂದು ಸುತ್ತು ಹಾಕಿ ನೋಡಿ, "ಚೆನ್ನಾಗಿ ಕಟ್ಟಿದ್ದೀರಿ. ಕೋಳಿಗಳಿಗೆ ಸಾಕು" ಎಂದಿದ್ದಳು.

ಕೋಳಿಗಿಂತ ಆ "ಕಟ್ಟಿದ್ದೀರಿ" ಅವನನ್ನು ಹೆಚ್ಚು ಚುಚ್ಚಿತ್ತು. ಅಳಿಯನಾಗಿ ಏಳು ವರ್ಷ ಕಳೆದರೂ ಆಕೆಯ ಬಾಯಲ್ಲಿ ಅವನಿಗೆ ಏಕವಚನ ಸಿಕ್ಕಿರಲಿಲ್ಲ. ಹಂದಿಗೆ ನೀನು, ನೆರೆಮನೆಯವನಿಗೆ ನೀನು, ಹೊಲ ನೋಡಲು ಬರುವ ಅಧಿಕಾರಿಗೂ ರಿಗೊನಿಗೂ ಮಾತ್ರ ನೀವು. ಅಂಥ ಮರ್ಯಾದೆ ಯಾರಿಗೆ ಬೇಕಿತ್ತು!

ಎರಡನೆಯ ಮೊಳೆ ಬಿತ್ತು. ಮೂರನೆಯದು, ನಾಲ್ಕನೆಯದು. ಮಾಡು ಮೇಲೆದ್ದು ಕೂತಂತೆ ಒಮ್ಮೆ ನರಳಿತು. ಹೆಂಡತಿ ಮಾಗ್ದಾ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು, ಇಂಥ ದಿನ ಅವಳಿಗೆ ರಜೆಯಿಲ್ಲ. "ಅಮ್ಮನ್ನ ನಿನ್ನ ಕೈಗೆ ಬಿಟ್ಟು ಹೋಗ್ತಿದೀನಿ ಕಣೋ" ಎಂದು ಬೆಳಿಗ್ಗೆ ಹೇಳಿ ಹೋಗಿದ್ದಳು. ಆ ಮಾತು ರಿಗೊನಿಗೆ ನೆನಪಾಯಿತು. ಅವನು ಥಟ್ಟನೆದ್ದು ಎರಡೂ ಕೈಯಿಂದ ತೊಲೆಗೆ ಜೋತುಬಿದ್ದ.

"ಅತ್ತೆ, ಸುಳ್ಳು ಹೇಳ್ದೆ! ಅದು ಜಿರಳೆ ಅಲ್ಲ, ಮೊಳೆ. ಎಲ್ಲಾ ಕಿತ್ತು ಬರ್ತಿದೆ. ಮಾಡು ಹಾರಿಹೋಗುತ್ತೆ, ನೀವು ನನ್ನ ಕಾಲ ಹತ್ರ ಬಂದು ಮುದುರಿಕೊಳ್ಳಿ!"

"ಕೈ ಬಿಡೋ ಪೆದ್ದಾ!" ಎಲ್ಪೀದಿಯಾ ಗಾಳಿಗಿಂತ ಜೋರಾಗಿ ಕಿರುಚಿದಳು. "ತೋಳು ಕಿತ್ತು ಬಂದೀತು! ಬಾ, ಇಲ್ಲಿ ಬಂದು ಕೂತ್ಕೋ. ಅದೆಲ್ಲೂ ಹೋಗಲ್ಲ."

ಆಗಲೇ ಇನ್ನೊಂದು ಹೊಡೆತ ಬಂದು ಒಳಮೈಗೆ ಹೊದೆಸಿದ್ದ ಗರಿಯ ಪದರ ಪರಪರನೆ ಹರಿದುಹೋಯಿತು. ರಿಗೊ ಕಣ್ಣು ಮುಚ್ಚಿಕೊಂಡ. ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ತಾನು ಮೊಳೆ ಹೊಡೆದ ಒಂದೊಂದು ಜಾಗದಲ್ಲೂ ಮರದ ನಾರಿನ ಹಗ್ಗ, ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದ್ದು. ಮಳೆಗೆ ಒದ್ದೆಯಾಗಿ ಉಬ್ಬಿ, ಗಳಕ್ಕೆ ಕಚ್ಚಿಕೊಂಡಂತೆ ಬಿಗಿದಿತ್ತು.

"ಇದ್ಯಾರು ಕಟ್ಟಿದ್ದು ಅತ್ತೆ?"

"ಯಾವ್ದು?"

"ಈ ಹಗ್ಗ."

"ಕೋಳಿಗಳು ಕಟ್ಟಿರ್ಬೇಕು."

ಗುಡಿಸಲು ಎದ್ದ ಮಾರ್ಚಿನಲ್ಲಿ ಆಕೆಯ ಅಂಗೈಯೆಲ್ಲ ಸುಲಿದು, ಬಟ್ಟೆ ಸುತ್ತಿಕೊಂಡು ಓಡಾಡಿದ್ದು ಅವನಿಗೆ ನೆನಪಾಯಿತು. ಕೇಳಿದ್ದಕ್ಕೆ ತಂಬಾಕಿನ ಎಲೆ ಪೋಣಿಸುವಾಗ ದಾರ ಕುಯ್ದಿತು ಎಂದಿದ್ದಳು. ಅವನು ಅಂಗಡಿಗೆ ಹೋದ ದಿನಗಳಲ್ಲಿ ಅರವತ್ತೆಂಟರ ಆ ಮುದುಕಿ ಏಣಿ ಹತ್ತಿ, ಒಂದೊಂದು ಜೋಡಣೆಗೂ ಹಗ್ಗ ಬಿಗಿದು, ಮೇಲೆ ಮತ್ತೆ ಗರಿ ಮುಚ್ಚಿದ್ದಳು. ಒಂದು ಮೊಳೆಯನ್ನೂ ಕಿತ್ತಿರಲಿಲ್ಲ. ರಿಗೊನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

"ಹೇಳ್ಬಹುದಿತ್ತಲ್ಲ, ಮೊಳೆ ನಿಲ್ಲಲ್ಲ ಅಂತ."

"ಹೇಳಿದ್ರೆ ನೀನು ಎಲ್ಲಾನೂ ಬಿಚ್ಚಿಹಾಕಿ ಮುಖ ಊದಿಸ್ಕೊಂಡು ಕೂರ್ತಿದ್ದೆ," ಎಂದು ಅತ್ತೆ ಒಂದು ಕೋಳಿಯನ್ನು ಅವನ ಮಡಿಲಿಗೆ ದಾಟಿಸಿದಳು. "ಆ ಹೆಬ್ಬೆರಳುಗಳನ್ನ ನಾನು ನೋಡಿಲ್ವೇನೋ? ಹಿಡ್ಕೋ ಇದನ್ನ, ನಡುಗ್ತಿದೆ." ನಡುಗುತ್ತಿದ್ದುದು ಕೋಳಿಯಲ್ಲ. ಆಕೆ ಅದನ್ನು ಎತ್ತಿ ಆಡಲಿಲ್ಲ, ತನ್ನ ಶಾಲಿನ ಒಂದು ತುದಿಯನ್ನು ಅವನ ಹೆಗಲಿಗೂ ಹೊದೆಸಿದಳು.

ಸಂಜೆ ನಾಲ್ಕರ ಹೊತ್ತಿಗೆ ಗಾಳಿ ಇಳಿಯಿತು. ಹಂದಿ ನುಂಗೀತೆಂದು ರಿಗೊ ನೆಲವೆಲ್ಲ ತಡಕಿ, ಬಿದ್ದ ಮೊಳೆಗಳನ್ನು ಹೆಕ್ಕಿ ಮುಷ್ಟಿಯಲ್ಲಿ ಹಿಡಿದುಕೊಂಡು, ಅತ್ತೆಯ ಹಿಂದೆ ಅಂಬೆಗಾಲಿಟ್ಟು ಹೊರಬಂದ. ಮನೆಯ ಹೆಂಚು ಅರ್ಧ ಹೋಗಿತ್ತು, ತಂಬಾಕು ಒಣಗಿಸುವ ಕೊಟ್ಟಿಗೆ ಮಕಾಡೆ ಮಲಗಿತ್ತು. ನೆರೆಮನೆಯ ಎವೆಲಿಯೊ ಮೊಣಕಾಲುದ್ದದ ಕೆಸರು ತುಳಿದುಕೊಂಡು ಬಂದು, ನೆಟ್ಟಗೆ ನಿಂತ ಗುಡಿಸಲನ್ನು ಬೆರಗಿನಿಂದ ನೋಡಿದ.

"ನಂದು ಅರ್ಧ ಹಾರಿಹೋಯ್ತು ಎಲ್ಪೀದಿಯಾ. ನಿಂದು ಮಿಸುಕಾಡಿಲ್ವಲ್ಲ! ಯಾರು ಕಟ್ಟಿದ್ದು?"

"ಇನ್ಯಾರು, ನಮ್ಮ ರಿಗೊ. ಒಂದೊಂದು ಮೊಳೆನೂ ಇವನೇ ಹೊಡೆದಿದ್ದು."

ಎವೆಲಿಯೊ ಮೆಚ್ಚಿ ಕೈ ಚಾಚಿದ. ರಿಗೊ ಬಲಗೈಯ ಮುಷ್ಟಿಯನ್ನು ಬೆನ್ನ ಹಿಂದೆ ಇನ್ನಷ್ಟು ಬಿಗಿಹಿಡಿದು, ಎಡಗೈ ಕೊಟ್ಟ.