‘ಬಿಳಿ ಹೊಗೆ’ಯ ಕೊನೆಯ ಕಂತು

ಸುಹಾಸನನ್ನು ಒಳಗೆ ನೂಕಿ, ಮೊಬೈಲ್ ಕಸಿದುಕೊಂಡು, ಅನಂತಮೂರ್ತಿ ಹೊರಗಿನಿಂದ ಬೀಗ ಜಡಿದರು.

"ಪೋಪ್ ಆರಿಸಿ ಮುಗಿದ ಮೇಲೆ ಬಾಗಿಲು ಬಡಿ."

ಸಿರಸಿಯ ಆ ವಾರಪತ್ರಿಕೆಗೆ ಅನಂತಮೂರ್ತಿ ಮಾಲೀಕರೂ ಹೌದು, ಸಂಪಾದಕರೂ ಹೌದು. ಸುಹಾಸ ಅದರಲ್ಲಿ ‘ಬಿಳಿ ಹೊಗೆ’ ಎಂಬ ಧಾರಾವಾಹಿ ಬರೆಯುತ್ತಿದ್ದ. ಕಥೆಯಲ್ಲಿ ಹಳೆಯ ಪೋಪ್ ತೀರಿಕೊಂಡಿದ್ದಾರೆ. ರೋಮಿನಲ್ಲಿ ಕಾರ್ಡಿನಲ್‌ಗಳು, ಅಂದರೆ ಹಿರಿಯ ಪಾದ್ರಿಗಳು, ಬೀಗ ಹಾಕಿಕೊಂಡು ಗುಟ್ಟಾಗಿ ಮತ ಹಾಕುತ್ತಿದ್ದಾರೆ. ಹೊಸಬರು ಆಯ್ಕೆಯಾದ ಕ್ಷಣ ಚಿಮಣಿಯಿಂದ ಬಿಳಿ ಹೊಗೆ. ಸುಹಾಸ ಹುಬ್ಬಳ್ಳಿಯಿಂದಾಚೆ ಹೋದವನಲ್ಲ. ಆದರೆ ಅವನು ಬರೆದ ರೋಮಿನಲ್ಲಿ ರೋಮಿನವರೇ ಬೆಪ್ಪಾಗಿ ದಾರಿ ಕೇಳಬೇಕು, ಅಷ್ಟು ಓಣಿಗಳು.

ಕಂತು ಬಂದ ದಿನ ಯಲ್ಲಾಪುರದ ಬಸ್ಸು ಹೊರಡುತ್ತಿರಲಿಲ್ಲ. ಡ್ರೈವರ್ ಓದಿ ಮುಗಿಸಬೇಕಿತ್ತು. ಸಿದ್ದಾಪುರದ ದಂತವೈದ್ಯರೊಬ್ಬರು ಅರ್ಧ ಕಿತ್ತ ಹಲ್ಲನ್ನು ಬಾಯಲ್ಲೇ ಬಿಟ್ಟು ಪತ್ರಿಕೆಗಾಗಿ ಓಡಿದ್ದರು. ಮಾಗೋಡಿನ ಜಲಪಾತ ಕೂಡ ಶನಿವಾರ ಸ್ವಲ್ಪ ಮೆಲ್ಲಗೆ ಬೀಳುತ್ತಿತ್ತಂತೆ.

ಈಗ ಕೊನೆಯ ಕಂತು. ಕಣದಲ್ಲಿ ಮೂವರು ಕಾರ್ಡಿನಲ್‌ಗಳು: ಜರ್ಮನಿಯ ಹೆನ್ರಿಕ್, ಇಟಲಿಯ ಮತ್ತೇಯೊ, ಆಫ್ರಿಕದ ಕ್ವಾಮೆ. ‘ಯಾರ ಪ್ರಭಾವಕ್ಕೂ ಲೇಖಕ ಸಿಗಲಾರ, ಬ್ರಹ್ಮ ಬಂದರೂ ಒಳಗೆ ಬಿಡೆವು’ ಎಂದು ಅನಂತಮೂರ್ತಿ ಮುಖಪುಟದಲ್ಲೇ ಘೋಷಿಸಿದ್ದರು.

ಮೊದಲು ಒಳಗೆ ಬಂದವರು ಅವರೇ.

"ನಾನೇನೂ ಹೇಳೋದಿಲ್ಲಪ್ಪ. ಹೆನ್ರಿಕ್ ಶಿಸ್ತಿನ ಮನುಷ್ಯ, ಸಂಸ್ಥೆ ನಡೆಸಿದವರ ಕಷ್ಟ ಬಲ್ಲವ. ಅಂದ ಹಾಗೆ, ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ವಾ?"

ಮತ್ತೆ ಬೀಗ.

ಎರಡನೆಯವರು ಹಿಂದಿನ ಓಣಿಯ ಕಿಟಕಿಗೆ ಬಂದರು: ಸಿದ್ದಾಪುರದ ವಿಘ್ನೇಶ್ವರ, ಅಭಿಜ್ಞಾಳ ತಂದೆ. ಅಭಿಜ್ಞಾಳನ್ನು ಮದುವೆಯಾಗುವುದೊಂದನ್ನು ಬಿಟ್ಟು ಸುಹಾಸನಿಗೆ ಈ ಲೋಕದಲ್ಲಿ ಬೇರೆ ಕೆಲಸವಿರಲಿಲ್ಲ. ಕೆಲಸ ಕಾಯಂ ಇಲ್ಲದವನಿಗೆ ಮಗಳಿಲ್ಲ ಎಂಬುದು ವಿಘ್ನೇಶ್ವರರ ಹಳೆಯ ಷರತ್ತು. ಈಗ ಕಿಟಕಿಯ ಸರಳುಗಳ ನಡುವೆ ತೊಡದೇವು ಎಂಬ ಸಿಹಿಯ ಪೊಟ್ಟಣ ತೂರಿಸಿ ಹೊಸದೊಂದು ಹಾಕಿದರು.

"ಮಾಣಿ, ಮತ್ತೇಯೊನ್ನೇ ಗೆಲ್ಸು. ಅಷ್ಟೂ ಜನರಲ್ಲಿ ಮೀನು-ಮಾಂಸ ಮುಟ್ಟದೇ ಇಪ್ಪಂವ ಅಂವ ಒಬ್ನೇ."

"ಅದು ಕಥೆ, ಮಾವ."

"ಯನ್ನ ಕೂಸು ಅಭಿಜ್ಞಾ ಕಥೆ ಅಲ್ಲ, ಅಲ್ದಾ?"

ಮೂರನೆಯವರು ನಂದೊಳ್ಳಿಯ ಕೆರಿಯಪ್ಪ, ಯಲ್ಲಾಪುರ ತಾಲೂಕಿಗೆಲ್ಲ ಪತ್ರಿಕೆ ಹಂಚುವ ಏಜೆಂಟ್. "ಕ್ವಾಮೆ ನಮ್ಮಂಗೆ ನೇಗಿಲು ಹಿಡಿದವ, ತಮ್ಮಾ. ಅವ ಸೋತ್ರೆ ನಾನು ನಿಮ್ಮ ಕಟ್ಟು ಬಸ್ಸಿಂದ ಇಳ್ಸೋದೇ ಇಲ್ಲ."

ಕೆರಿಯಪ್ಪ ಕೈಬಿಟ್ಟರೆ ಪತ್ರಿಕೆ ಮುಚ್ಚುತ್ತದೆ. ಪತ್ರಿಕೆ ಮುಚ್ಚಿದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಅಭಿಜ್ಞಾ ಇಲ್ಲ. ಯಾವ ಪೋಪನ ಕಡೆ ನಡೆದರೂ ದಾರಿ ಒಂದೇ ಹೊಂಡಕ್ಕೆ.

ಕೊನೆಗೆ ಅಭಿಜ್ಞಾಳೇ ಕಿಟಕಿಗೆ ಬಂದಳು.

"ಅವ್ರೆಲ್ಲ ಹೇಳಿದ್ದು ಬಿಡು. ನಿಂಗೆ ಯಾರು ಗೆದ್ರೆ ಖುಷಿ?"

"ಆನು," ಎಂದ ಸುಹಾಸ ತನ್ನತ್ತಲೇ ಬೆರಳು ತೋರಿಸಿ.

"ಹಾಂಗಾದ್ರೆ ಅಳ್ತಾ ಕೂರಡ. ಬರಿ."

ಸುಹಾಸ ಬರೆದ. ಕಾಗದ ಮುಗಿಯಿತೆಂದು ಬಾಗಿಲು ಬಡಿದ. ಕೊಟ್ಟರು. ಮತ್ತೆ ಬಡಿದ.

"ಒಬ್ಬ ಪೋಪಿಗೆ ಇಷ್ಟು ಕಾಗದವಾ?" ಅನಂತಮೂರ್ತಿ ಗೊಣಗಿದರು.

"ಗುಟ್ಟಿನ ಚುನಾವಣೆ ಸರ್. ಅವಸರ ಮಾಡಿದರೆ ಕೆಡುತ್ತದೆ."

ಮುದ್ರಣಕ್ಕೂ ಅವನದೇ ಷರತ್ತು. ಅಚ್ಚಾಗುವವರೆಗೆ ಯಾರೂ ನೋಡಕೂಡದು, ಸಂಪಾದಕರೂ. ಮುಖಪುಟದ ಮಾತಿಗೆ ಸಿಕ್ಕಿಬಿದ್ದ ಅನಂತಮೂರ್ತಿ ತಲೆಯಾಡಿಸಬೇಕಾಯಿತು. ಯಂತ್ರ ನಡೆಸುವ ರಾಘು ಹೇಳಿದಂತೆ ಅಚ್ಚು ಹಾಕಿದ. ಓದುವ ಚಟ ಅವನಿಗಿರಲಿಲ್ಲ. ಸುಹಾಸ ಪಕ್ಕದಲ್ಲೇ ನಿಂತು ಕಟ್ಟುಗಳನ್ನು ಕಟ್ಟಿದ, ಬಸ್ಸುಗಳಿಗೆ ತಾನೇ ಏರಿಸಿದ.

ಶನಿವಾರ ಅನಂತಮೂರ್ತಿ ಕೊನೆಯ ಸಾಲು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸುಹಾಸನ ಕೆಲಸ ಅಲ್ಲೇ ಕಾಯಂ ಆಯಿತು. ಹೆನ್ರಿಕ್ ಗೆದ್ದಮೇಲೆ ಹುಡುಗಿ ಕೈತಪ್ಪಿದಳು ಎಂದು ಮುದ್ರಣಾಲಯವೆಲ್ಲ ಮರುಗಿತು. ಅಷ್ಟರಲ್ಲಿ ಸಿದ್ದಾಪುರದಿಂದ ಫೋನ್: ನಿಶ್ಚಿತಾರ್ಥಕ್ಕೆ ದಿನ ನೋಡಿದ್ದಾರೆ! ಅದರ ಬೆನ್ನಿಗೇ ಕೆರಿಯಪ್ಪ ಇನ್ನಷ್ಟು ಪ್ರತಿ ಕಳಿಸಲು ಹೇಳಿದರು. ಸೋತವರ ಇಂಥ ಔದಾರ್ಯವನ್ನು ಅನಂತಮೂರ್ತಿ ಪುರಾಣದಲ್ಲೂ ಕಂಡಿರಲಿಲ್ಲ.

ನಿಶ್ಚಿತಾರ್ಥದ ಊಟಕ್ಕೆ ಮೂವರೂ ಒಂದೇ ಪಂಕ್ತಿಯಲ್ಲಿ, ಅಕ್ಕಪಕ್ಕ ಕೂತರು. ಸುಹಾಸ, ಅಭಿಜ್ಞಾ ಹೋಳಿಗೆ ಬಡಿಸುತ್ತ ಬಂದರು.

"ಬೇಜಾರು ಮಾಡ್ಕಳಡಿ ಅನಂತಮೂರ್ತಿ," ವಿಘ್ನೇಶ್ವರ ಮೃದುವಾಗಿ ಹೇಳಿದರು. "ಸೋಲು-ಗೆಲುವು ಇದ್ದಿದ್ದೇ."

"ಅಯ್ಯೋ, ನಾನೂ ನಿಮಗೆ ಅದನ್ನೇ ಹೇಳೋಣ ಅಂತಿದ್ದೆ!"

ಕೆರಿಯಪ್ಪ ಇಬ್ಬರನ್ನೂ ಮರುಕದಿಂದ ನೋಡಿದರು. "ಸೋತೂ ಇಷ್ಟು ಖುಷೀಲಿ ಉಣ್ತೀರಲ್ರೀ. ದೊಡ್ಡ ಮನಸು ನಿಮ್ದು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಸುಹಾಸನ ಕೈಯ ಹೋಳಿಗೆ ಎಲೆ ತಪ್ಪಿ ನೆಲಕ್ಕೆ ಬಿತ್ತು.

"ಎಂತ ಆತು?" ಅಭಿಜ್ಞಾ ಪಿಸುಗುಟ್ಟಿದಳು.

"ಎಂತ ಇಲ್ಲೆ. ಬೇಗ ಮುಂದಿನ ಪಂಕ್ತಿಗೆ ನಡಿ."

"ಅಲ್ರೀ, ಗೆದ್ದವ ಯಾರು ಅಂತ ನಿಮ್ಮ ಬಾಯಲ್ಲೇ ಒಂದ್ಸಲ ಹೇಳ್ರಿ ನೋಡೋಣ," ಎಂದರು ಕೆರಿಯಪ್ಪ. ಹೇಳಿ, ತಡೆಯಲಾರದೆ ತಾವೂ ಬಾಯಿ ತೆರೆದರು.

ರಾಘುವಿನ ಯಂತ್ರ ಆ ವಾರ ಮೂವರು ಪೋಪರನ್ನು ಆರಿಸಿತ್ತು, ತಾಲೂಕಿಗೊಬ್ಬರಂತೆ.