ನೀರಿನ ಮಟ್ಟ

"ರೀ, ಪೈಪ್ ಅಲ್ಲಾಡಿಸ್ಬೇಡಿ, ನೀರು ನಿಲ್ತಾನೇ ಇಲ್ಲ," ಎಂದು ಶಾಲಿನಿ ಬಾಗಿಲ ಬಳಿಯಿಂದ ಕೂಗಿದಳು. ಪಲ್ಲಾವರಂ ಮನೆಯ ಹಿತ್ತಲಿನಲ್ಲಿ ಕಟ್ಟಿಸಲಿರುವ ಜಗಲಿಗೆ ಎತ್ತರ ಗುರುತಿಸಲು, ನೀರು ತುಂಬಿದ ಪ್ಲಾಸ್ಟಿಕ್ ಪೈಪಿನ ಒಂದು ತುದಿಯನ್ನು ಅವಳು ಗೋಡೆಗೆ ಒತ್ತಿ ಹಿಡಿದಿದ್ದಳು. ಇನ್ನೊಂದು ತುದಿ ನುಗ್ಗೆಮರದಾಚೆ ಗಂಡ ತಿರುಮಲೇಶನ ಕೈಯಲ್ಲಿತ್ತು. ಎರಡೂ ತುದಿಯಲ್ಲಿ ನೀರು ಅಲುಗದೆ ನಿಂತಾಗ ಅದರ ಮಟ್ಟಕ್ಕೆ ಗೆರೆ ಎಳೆಯಬೇಕು. ಮೇಸ್ತ್ರಿ ಟೀ ಕುಡಿದು ಬರುವಷ್ಟರಲ್ಲಿ ತಾವೇ ಗೆರೆ ಹಾಕಿಬಿಡೋಣ ಎಂದವನು ಅವನೇ. ಮಟ್ಟ ತುಸು ತಪ್ಪಿದರೂ ಡಿಸೆಂಬರಿನ ಮಳೆನೀರು ಮನೆಯೊಳಗೇ ಬರುತ್ತದೆ.

"ಕೊಂಜ ಇರು, ಗಟ್ಟಿಯಾಗೇ ಹಿಡ್ಕೊಂಡಿದೀನಿ."

ನೀರು ಏರಿತು, ಇಳಿಯಿತು, ಮತ್ತೆ ಏರಿತು. ಶಾಲಿನಿ ರೇಗಿ ತಲೆಯೆತ್ತಿದಳು. ಅವನು ಪೈಪು ಹಿಡಿದ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಅದುಮಿಕೊಂಡಿದ್ದ. ಮಾವನೂ ಹೀಗೇ ಅದುಮಿಕೊಳ್ಳುತ್ತಿದ್ದರು. ಮೊದಮೊದಲು ಅವಳು ಅವರ ಕಾಫಿ ಲೋಟವನ್ನು, ತುಳುಕಿ ಚೆಲ್ಲದಿರಲಿ ಎಂದು, ಅರ್ಧ ಮಾತ್ರ ತುಂಬುತ್ತಿದ್ದಳು. ಕೊನೆಕೊನೆಗೆ ಚಮಚದಲ್ಲಿ ಕುಡಿಸುತ್ತಿದ್ದಳು.

ಜಗಲಿಗೆ ಮೆಟ್ಟಿಲು ಬೇಡ, ಇಳಿಜಾರು ಮಾಡಿಸೋಣ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಇರಲಿ ಎಂದು ಹೋದ ವಾರ ಅವನು ಹಟ ಹಿಡಿದಿದ್ದ. ಐವತ್ತಕ್ಕೇ ಮುದುಕರಾಗಿಬಿಟ್ರಾ ಎಂದು ಅವಳು ನಕ್ಕಿದ್ದಳು. ಅವನು ನಕ್ಕಿರಲಿಲ್ಲ.

"ನಿಂತಿತಾ, ಶಾಲೂ?" ಅವನ ದನಿ ಅಂಗಲಾಚುವಂತಿತ್ತು.

ಪೈಪಿನಲ್ಲಿ ನೀರು ಇನ್ನೂ ಏರಿಳಿಯುತ್ತಿತ್ತು.

"ನಿಂತಿತು ರೀ," ಎಂದು ಅವಳು ಪೆನ್ಸಿಲಿನಿಂದ ಗೋಡೆಯ ಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆದಳು.