ಲಾಕ್ ಆಗದ ಕಂಪ್ಯೂಟರ್

“ಇವತ್ತೂ ನಿನ್ನ ಡ್ರಾಯರ್ ತೆಗೆದ್ರು ಕಣೇ,” ಎಂದಳು ಕಚೇರಿಯ ಪಕ್ಕದ ಮೇಜಿನ ಗೆಳತಿ, ಫೋನಿನಲ್ಲಿ ದನಿ ತಗ್ಗಿಸಿ. “ನನಗೆ ಬೆನ್ನು ಮಾಡ್ಕೊಂಡು ನಿಂತಿದ್ರು. ಏನು ಮಾಡಿದ್ರೋ ಕಾಣಲಿಲ್ಲ. ಮೆತ್ತಗೆ ಮುಚ್ಚಿ ಹೋದ್ರು.”

ಆಸ್ಪತ್ರೆಯ ಮಂಚದಲ್ಲಿದ್ದ ಅಪ್ಪನ ಬಾಯಿಗೆ ಅವಳು ಹಿಡಿದಿದ್ದ ಚಮಚ ಅರ್ಧದಲ್ಲೇ ನಿಂತಿತು. ಯಾರು ಎಂದು ಅಪ್ಪ ಕಣ್ಣಿನಲ್ಲೇ ಕೇಳಿದರು. ಆಫೀಸಿನವರು, ಏನಿಲ್ಲ, ಎಂದಳು.

ಕಚೇರಿಯ ಪ್ರಕಾರ ಅವಳು ಈ ಹೊತ್ತಿಗೆ ತನ್ನ ಕುರ್ಚಿಯಲ್ಲಿ ಕೂತು, ಮನೆಮನೆಯ ವಿದ್ಯುತ್ ಮೀಟರಿನ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಿರಬೇಕಿತ್ತು. ತುಂಬಿಸುತ್ತಿದ್ದದ್ದು ಅವಳು ಬರೆದಿಟ್ಟ ಸ್ಕ್ರಿಪ್ಟ್, ತಾನಾಗಿ ಓಡುವ ಪುಟ್ಟ ಪ್ರೋಗ್ರಾಮ್. ಕಿಟಕಿ ತೆರೆ, ಅಂಕಿ ಹಾಕು, ಉಳಿಸು, ಮುಂದಿನದಕ್ಕೆ ಹೋಗು. ಇಷ್ಟನ್ನೇ ಅದು ಬೇಸರವಿಲ್ಲದೆ ಮಾಡುತ್ತಿತ್ತು. ಬೆಳಿಗ್ಗೆ ಬಂದು ಅದನ್ನು ಶುರುಮಾಡಿ, ಕುರ್ಚಿಯ ಬೆನ್ನಿಗೆ ಸ್ವೆಟರ್ ನೇತುಹಾಕಿ, ಮಧ್ಯಾಹ್ನ ಅವಳು ಆಸ್ಪತ್ರೆಗೆ ಓಡುತ್ತಿದ್ದಳು. ರಜೆಯೆಲ್ಲ ಎಂದೋ ಮುಗಿದಿತ್ತು. ಸ್ವೆಟರ್ ಮಾತ್ರ ತಪ್ಪದೆ ಹಾಜರಿರುತ್ತಿತ್ತು.

ತೊಡಕು ಒಂದೇ. ಯಾರೂ ಮುಟ್ಟದಿದ್ದರೆ ಕಂಪ್ಯೂಟರ್ ತಾನಾಗಿ ಲಾಕ್ ಆಗುತ್ತಿತ್ತು. ಲಾಕ್ ಆದರೆ ಸ್ಕ್ರಿಪ್ಟಿಗೆ ಕಣ್ಣು ಕಟ್ಟಿದಂತೆ, ಇದ್ದಲ್ಲೇ ನಿಂತುಬಿಡುತ್ತಿತ್ತು. ಸ್ಕ್ರಿಪ್ಟಿನಿಂದಲೇ ಮೌಸ್ ಆಡಿಸಿದರೂ ಲಾಕ್ ನಂಬುತ್ತಿರಲಿಲ್ಲ, ಅದಕ್ಕೆ ನಿಜವಾದ ಮೌಸೇ ಅಲುಗಬೇಕು. ಅಪ್ಪ ಆಸ್ಪತ್ರೆ ಸೇರಿದ ದಿನ ನರ್ಸ್ ಅವರ ಕೈಯಿಂದ ಬಿಚ್ಚಿಕೊಟ್ಟ ವಾಚನ್ನು ನೋಡಿ ಅವಳಿಗೆ ಉಪಾಯ ಹೊಳೆಯಿತು. ಅಪ್ಪ ದಿನಾ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ಕೀ ಕೊಡುತ್ತಿದ್ದ ಹಳೆಯ ವಾಚು ಅದು. ಅದನ್ನು ಡ್ರಾಯರಿನೊಳಗೆ ಮಲಗಿಸಿ, ಅದರ ಮೇಲೆ ಇನ್ನೊಂದು ಮೌಸ್ ಕೂರಿಸಿದಳು. ಕೆಳಗೆ ಸೆಕೆಂಡಿನ ಮುಳ್ಳು ಸುತ್ತಿದಂತೆಲ್ಲ, ತಾನೇ ಸರಿದೆನೆಂದು ಮೌಸಿನ ಬೆಳಕಿನ ಕಣ್ಣು ನಂಬಿ, ಪರದೆಯ ಮೇಲೆ ಬಾಣದ ಗುರುತು ಚೂರು ಅಲುಗಿತು. ಕಂಪ್ಯೂಟರ್ ಮತ್ತೆ ಲಾಕ್ ಆಗಲಿಲ್ಲ. ಆ ಡ್ರಾಯರನ್ನು ಅವಳು ಮತ್ತೆ ತೆರೆಯಲೂ ಇಲ್ಲ.

ಈಗ ಅದನ್ನು ತೆರೆಯುತ್ತಿದ್ದವರು ಮೇಲ್ವಿಚಾರಕರು. ನಕ್ಕಿದ್ದನ್ನು ಯಾರೂ ಕಾಣದ ಅವರಿಗೆ ಕಚೇರಿ ಇಟ್ಟ ಹೆಸರು ಗಂಟುಮೋರೆ. ಅವಳು ಹೊರಟ ಮೇಲೆ ದಿನಾ ಮಧ್ಯಾಹ್ನ ಬಂದು ಡ್ರಾಯರ್ ಎಳೆಯುತ್ತಾರೆ ಎಂದು ಗೆಳತಿ ವಾರಗಳಿಂದ ಹೇಳುತ್ತಲೇ ಇದ್ದಳು. ಕಂಡೂ ಸುಮ್ಮನಿದ್ದಾರೆ ಎಂದರೆ ಸಾಕ್ಷಿ ಕೂಡಿಸುತ್ತಿದ್ದಾರೆ ಎಂದೇ ಅರ್ಥ. ಕೆಲಸ ಹೋದರೆ ಕಚೇರಿಯ ವಿಮೆಯೂ ಹೋಗುತ್ತದೆ, ವಿಮೆ ಹೋದರೆ ಅಪ್ಪನ ಆಪರೇಷನ್ ನಿಲ್ಲುತ್ತದೆ. ಅದು ಈ ವಾರವೇ ಇತ್ತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಬಳಿ ಅವರೇ ಎದುರಾದರು.

“ಅಪ್ಪ ಹೇಗಿದ್ದಾರಮ್ಮ?”

ಅಪ್ಪನ ವಿಷಯವನ್ನು ಅವಳು ಇವರಿಗೆ ಹೇಳಿರಲಿಲ್ಲ. ಪರವಾಗಿಲ್ಲ ಸರ್, ಎಂದಳು.

“ಹಳೇದನ್ನ ದಿನಾ ವಿಚಾರಿಸ್ಕೋಬೇಕು. ನಿಮಗೆ ಮರೆತು ಹೋಗುತ್ತೆ,” ಎಂದು ಗಂಟುಮೋರೆ ಸಡಿಲಿಸದೆ ಒಳಗೆ ಹೋದರು.

ಇದು ಬೆದರಿಕೆಯಲ್ಲದೆ ಇನ್ನೇನು? ಅವರು ಬಾಯಿ ಬಿಡುವ ಮೊದಲು ತಾನೇ ಬಿಡಬೇಕು ಎಂದುಕೊಂಡಳು. ನೇರವಾಗಿ ಮೇಲಿನ ಮಹಡಿಗೆ ಹೋಗಿ, ತಾನು ಊಟಕ್ಕೆ ಎದ್ದುಹೋದಾಗ ಇವರು ದಿನಾ ತನ್ನ ಡ್ರಾಯರಿಗೆ ಕೈ ಹಾಕುತ್ತಾರೆ ಎಂದು ಕಚೇರಿಯ ಮುಖ್ಯಸ್ಥೆ ಮೇಡಂಗೆ ದೂರಿದಳು. ಹೆಂಗಸರ ಸಾಮಾನು ಇರುತ್ತದೆ ಮೇಡಂ, ಎಂದೂ ಸೇರಿಸಿದಳು. ಗೆಳತಿ ಕಂಡದ್ದನ್ನು ಕಂಡಂತೆ ಹೇಳಿದಳು.

ಮೇಡಂ ಅವರನ್ನು ಕರೆಸಿದರು. ಅವಳು ಅಲ್ಲೇ ನಿಂತಿದ್ದಳು. ಈಗ ಸ್ಕ್ರಿಪ್ಟಿನ ಮಾತು ಬರುತ್ತದೆ, ಈಗ ಎಲ್ಲ ಹೊರಗೆ ಬೀಳುತ್ತದೆ.

“ತೆಗೆದಿದ್ದು ನಿಜ,” ಎಂದರು ಅವರು.

ಯಾಕೆ ಎಂದು ಮೇಡಂ ಕೇಳಿದರು, ಮತ್ತೆ ಕೇಳಿದರು. ಮೇಲ್ವಿಚಾರಕರು ಒಮ್ಮೆ ಅವಳ ಕಡೆ ನೋಡಿ ತಲೆ ತಗ್ಗಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮ ನೀರಿನ ಬಾಟಲಿ, ಕನ್ನಡಕದ ಡಬ್ಬಿ ಎತ್ತಿಕೊಂಡು ಮನೆಗೆ ಹೋದರು. ವಿಚಾರಣೆ ಮುಗಿಯುವ ತನಕ ಬರಬೇಡಿ ಎಂದು ಮೇಡಂ ಹೇಳಿದ್ದರಂತೆ. ಅವಳಿಗೆ ಒಂಥರಾ ಅನ್ನಿಸಿತು. ಆದರೂ ಸದ್ಯ, ಬಚಾವಾದೆ ಎಂದುಕೊಂಡಳು. ಆ ಮಧ್ಯಾಹ್ನ ಡ್ರಾಯರನ್ನು ಯಾರೂ ಮುಟ್ಟಲಿಲ್ಲ, ಸ್ಕ್ರಿಪ್ಟ್ ತನ್ನ ಪಾಡಿಗೆ ಓಡಿತು.

ಮರುದಿನ ಮಧ್ಯಾಹ್ನ ಅಪ್ಪನನ್ನು ಆಪರೇಷನ್ನಿಗೆ ಸಿದ್ಧಮಾಡುತ್ತಿದ್ದಾಗ ಫೋನ್ ಬಡಿದುಕೊಂಡಿತು.

“ಲಾಕ್ ಆಗ್ಬಿಟ್ಟಿದೆ ಕಣೇ,” ಎಂದಳು ಗೆಳತಿ. “ಊಟದಿಂದೀಚೆ ಒಂದು ಅಂಕಿನೂ ಹೋಗಿಲ್ಲ ಅಂತ ಮೇಡಂ ಕೆಳಗೆ ಬಂದಿದ್ದಾರೆ. ನಿನ್ನ ಕುರ್ಚಿ ಹತ್ರಾನೇ ನಿಂತಿದ್ದಾರೆ. ಎಲ್ಲಿದ್ದಾಳೆ ಅಂತಿದ್ದಾರೆ.”

“ಮೌಸ್ ಸರಿದಿರಬೇಕು. ಯಾರಾದರೂ ಡ್ರಾಯರ್...”

“ಯಾರೂ ಮುಟ್ಟಿಲ್ಲ. ಮೌಸ್ ಇದ್ದಲ್ಲೇ ಇತ್ತು, ಅವರು ಬರೋ ಮೊದಲೇ ನೋಡಿದೆ. ವಾಚೇ ನಿಂತಿದೆ.”

ಕಚೇರಿಗೆ ಓಡುವಂತಿರಲಿಲ್ಲ, ಸಹಿ ಹಾಕಬೇಕಾದವಳು ಅವಳೊಬ್ಬಳೇ. ಓಡಿದ್ದರೂ ಫಲವಿರಲಿಲ್ಲ. ವಿಮೆಯವರು ಇನ್ನು ಯಾವ ಗಳಿಗೆಯಲ್ಲಿ ಫೋನ್ ಮಾಡುತ್ತಾರೋ ಎಂದು ಅವಳು ಗಾಲಿಮಂಚದ ಕಂಬಿ ಹಿಡಿದು ನಿಂತಳು.

ಔಷಧಿಯ ಮಂಪರಿನಲ್ಲಿ ಅಪ್ಪ ಖಾಲಿ ಮಣಿಕಟ್ಟನ್ನು ತಡವಿಕೊಂಡರು.

“ಪುಟ್ಟಿ, ನನ್ನ ವಾಚಿಗೆ ಕೀ ಕೊಡ್ತಿದ್ದೀಯಾ? ಒಂದು ದಿನ ಬಿಟ್ಟರೂ ನಿಂತೋಗುತ್ತೆ ಅದು.”

ಹೂಂ ಅಪ್ಪ, ಎನ್ನಲು ಬಾಯಿ ತೆರೆದವಳು ಹಾಗೆಯೇ ಉಳಿದಳು. ಅಪ್ಪ ಆಸ್ಪತ್ರೆ ಸೇರಿದ ದಿನ ಕೊಟ್ಟದ್ದು ಬಿಟ್ಟರೆ, ಈ ಇಷ್ಟೂ ವಾರಗಳಲ್ಲಿ ಅವಳು ಆ ವಾಚಿಗೆ ಒಮ್ಮೆಯೂ ಕೀ ಕೊಟ್ಟಿರಲಿಲ್ಲ.